ಶಾನಿದಾರ್ ಗುಹೆಯ ಹೂವುಗಳು

ಇರಾಕ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮರಳುಗಾಡು, ಖರ್ಜೂರದ ತೋಪು. ಆದರೆ ಆ ದೇಶದ ಈಶಾನ್ಯ ಭಾಗ ಬೆಟ್ಟಗಳ ನಾಡು. ಇರಾನಿನ ಗಡಿಯುದ್ದಕ್ಕೂ ಹಬ್ಬಿರುವ ಜಾಗ್ರೋಸ್ ಪರ್ವತಶ್ರೇಣಿಯ ಮಡಿಲಲ್ಲಿ ಕುರ್ದ್ ಜನರು ಬಹುಕಾಲದಿಂದ ಬಾಳುತ್ತಿರುವ ಸೀಮೆ ಅದು. ಅಲ್ಲಿ ಬ್ರಾದೋಸ್ತ್ ಎಂಬ ಸುಣ್ಣಕಲ್ಲಿನ ಬೆಟ್ಟ. ಅದರ ಕೆಳಗೆ ಟೈಗ್ರಿಸ್ ನದಿಯನ್ನು ಕೂಡಲು ಹರಿದುಹೋಗುವ ಮಹಾ ಜಾಬ್ ಹೊಳೆ. ಈ ಕಣಿವೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಶಾನಿದಾರ್ ಎಂಬ ದೊಡ್ಡ ಗುಹೆಯೊಂದು ಬಾಯ್ದೆರೆದು ನಿಂತಿದೆ. ಬಾಯಿಯ ಅಗಲ ಸುಮಾರು 25 ಮೀಟರ್, ಎತ್ತರ 8 ಮೀಟರ್. ಒಳಹೊಕ್ಕರೆ ಅಗಲ 50 ಮೀಟರಿಗೂ ಮಿಕ್ಕುತ್ತದೆ. ಗುಹೆ ದಕ್ಷಿಣಕ್ಕೆ ತೆರೆದುಕೊಂಡಿರುವುದರಿಂದ ಚಳಿಗಾಲದ ಬಿಸಿಲು ಒಳಗೆ ಬೀಳುತ್ತದೆ. ಉತ್ತರದ ಕುಳಿರ್ಗಾಳಿ ಒಳಗೆ ಸುಳಿಯಲಾರದು. ಮನೆ ಕಟ್ಟಲು ಬಾರದವರಿಗೆ ಇದಕ್ಕಿಂತ ಉತ್ತಮವಾದ ಮನೆ ಯಾವುದು? 1950ರ ದಶಕದಲ್ಲಿಯೂ ಆಡು ಕಾಯುವ ಕೆಲವು ಕುರ್ದ್ ಕುಟುಂಬಗಳು ಚಳಿಗಾಲ ಬಂದೊಡನೆ ತಮ್ಮ ಮಂದೆಗಳೊಡನೆ ಅಲ್ಲಿಗೆ ಬಂದು ಬಿಡಾರ ಹೂಡುತ್ತಿದ್ದವು. ತಮ್ಮ ಒಲೆಗಳ ಕೆಳಗೆ ಇನ್ನೆಷ್ಟು ಒಲೆಗಳು ಹೂತುಹೋಗಿವೆ ಎಂಬುದನ್ನು ಅವರು ಬಲ್ಲವರಾಗಿರಲಿಲ್ಲ.

ಅದನ್ನು ಕಂಡುಹಿಡಿಯಲು ಹೊರಟವನು ರಾಲ್ಫ್ ಸೊಲೆಕಿ ಎಂಬ ಅಮೆರಿಕದ ಪುರಾತತ್ತ್ವಜ್ಞ. 1951ರಲ್ಲಿ ಅವನು ಗುಹೆಯ ನೆಲದಲ್ಲಿ ಒಂದು ಪರೀಕ್ಷಾರ್ಥ ಗುಂಡಿಯನ್ನು ತೋಡಿಸಿದನು. ನೆಲದ ಲಕ್ಷಣವನ್ನು ಕಂಡು ಆಸೆ ಹುಟ್ಟಿತು. ಬಳಿಕ 1953ರಲ್ಲಿ, 1956-57ರಲ್ಲಿ, ಕೊನೆಗೆ 1960ರಲ್ಲಿ ಮತ್ತೆ ಮತ್ತೆ ಬಂದು ಅಗೆತವನ್ನು ಮುಂದುವರಿಸಿದನು. ಗುಂಡಿ ಕಂದಕವಾಯಿತು, ಕಂದಕ ಇಳಿಯುತ್ತ ಇಳಿಯುತ್ತ ಸುಮಾರು 14 ಮೀಟರ್ ಆಳದಲ್ಲಿ ತಳದ ಬಂಡೆಯನ್ನು ಮುಟ್ಟಿತು. ನಾಲ್ಕು ಅಂತಸ್ತಿನ ಮನೆಯೊಂದನ್ನು ಅದರೊಳಗೆ ಇಳಿಸಬಹುದಾಗಿತ್ತು ಎಂದರೆ ಓದುಗರಿಗೆ ಅದರ ಆಳದ ಕಲ್ಪನೆ ಬಂದೀತು.

ಇಂಥ ಕಂದಕದ ಗೋಡೆಯನ್ನು ಓದುವುದು ಒಂದು ವಿದ್ಯೆ. ಬಾಳಿದವರ ಬೂದಿ, ಮೂಳೆ, ಹೊರಗಿನಿಂದ ಬಂದ ಧೂಳು, ಚಾವಣಿಯಿಂದ ಉದುರಿದ ಕಲ್ಲು ಇವೆಲ್ಲ ಒಂದರ ಮೇಲೊಂದು ಕುಳಿತು ಸ್ತರಗಳಾಗುತ್ತವೆ. ಯಾರೂ ಕೆದಕದಿದ್ದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ಸೊಲೆಕಿ ಇವನ್ನು ನಾಲ್ಕಾಗಿ ವಿಂಗಡಿಸಿ, ಮೇಲಿನಿಂದ ಕೆಳಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟನು. ಮೇಲಿನ ಎ ಸ್ತರದಲ್ಲಿ ನವಶಿಲಾಯುಗದಿಂದ ಮೊದಲ್ಗೊಂಡು ಕುರುಬರ ನಿನ್ನೆಯ ಬೂದಿಯವರೆಗೆ ಎಲ್ಲವೂ ಇತ್ತು. ಬಿ ಸ್ತರದಲ್ಲಿ ಬೇಸಾಯ ಇನ್ನೂ ಮೊಳೆಯುತ್ತಿದ್ದ ಕಾಲದ ಜನರ ಒಂದು ಸ್ಮಶಾನವೇ ದೊರೆಯಿತು. ಸಿ ಸ್ತರದಲ್ಲಿ ಹಳೆಯ ಶಿಲಾಯುಗದ ಕೊನೆಯ ಭಾಗಕ್ಕೆ ಸೇರಿದ ನವುರಾದ ಕಲ್ಲಿನ ಅಲಗುಗಳು. ಎಲ್ಲಕ್ಕಿಂತ ಕೆಳಗಿನ ಡಿ ಸ್ತರ ಎಂಟು ಮೀಟರಿಗೂ ಹೆಚ್ಚು ದಪ್ಪ. ಉಳಿದ ಮೂರನ್ನೂ ಕೂಡಿಸಿದರೂ ಅದರ ಸಮಕ್ಕೆ ಬರಲಾರವು. ಅಲ್ಲಿ ಬೇರೆಯ ತೆರನಾದ ಕಲ್ಲಿನ ಉಪಕರಣಗಳು ದೊರೆತವು. ಅವನ್ನು ಮಾಡಿದವರು ನಮ್ಮಂಥವರಲ್ಲ, ನಿಯಾಂಡರ್ತಾಲ್ ಮಾನವರು.

ನಿಯಾಂಡರ್ತಾಲ್ ಎಂಬುದು ಜರ್ಮನಿಯ ಒಂದು ಕಣಿವೆಯ ಹೆಸರು. 1856ರಲ್ಲಿ ಅಲ್ಲಿ ಸುಣ್ಣಕಲ್ಲು ಕೀಳುತ್ತಿದ್ದ ಕೂಲಿಗಳಿಗೆ ಒಂದು ಪುಟ್ಟ ಗುಹೆಯಲ್ಲಿ ಮೂಳೆಗಳು ಸಿಕ್ಕಿದವು. ಅವು ಕರಡಿಯದಾಗಿರಬೇಕೆಂದು ಮೊದಲು ಭಾವಿಸಲಾಯಿತು. ಅವು ಮನುಷ್ಯನವೇ, ಆದರೆ ಈಗಿನ ಮನುಷ್ಯನವಲ್ಲ ಎಂದು ಗುರುತಿಸಿದವನು ಫೂಲ್‌ರೋಟ್ ಎಂಬ ಶಾಲಾ ಉಪಾಧ್ಯಾಯ. ಉಪಾಧ್ಯಾಯ ವೃತ್ತಿಯವನಾದ ನಾನು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಹುಬ್ಬಿನ ಮೇಲೆ ಉಬ್ಬಿದ ಮೂಳೆಯ ದಿಂಡು, ಹಿಂದಕ್ಕೆ ಇಳಿದ ಹಣೆ, ಗದ್ದವಿಲ್ಲದ ದವಡೆ, ಅಗಲವಾದ ಎದೆ, ಗಿಡ್ಡನೆಯ ಬಲಿಷ್ಠ ದೇಹ ಇವು ಆ ಮಾನವರ ಲಕ್ಷಣಗಳು. ಮಿದುಳು ಮಾತ್ರ ಗಾತ್ರದಲ್ಲಿ ನಮ್ಮದಕ್ಕೆ ಕಡಿಮೆಯಾದುದಲ್ಲ. ಆದರೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ವಿದ್ವಾಂಸ ಬೂಲ್, ಮಂಡಿ ಬಾಗಿಸಿ ಕತ್ತು ಮುಂದೆ ಚಾಚಿ ಕಾಲೆಳೆಯುತ್ತ ನಡೆಯುವ ಅರ್ಧಪಶುವಿನಂತೆ ಅವರನ್ನು ಚಿತ್ರಿಸಿದನು. ಅವನ ಮುಂದಿದ್ದ ಅಸ್ಥಿಪಂಜರ ಸಂಧಿವಾತದಿಂದ ನರಳಿದ ಒಬ್ಬ ಮುದುಕನದು. ಆ ಚಿತ್ರ ಮಾತ್ರ ಜನರ ಮನಸ್ಸಿನಲ್ಲಿ ಬೇರೂರಿಬಿಟ್ಟಿತು.

ಶಾನಿದಾರ್ ಈ ಚಿತ್ರವನ್ನು ಅಲುಗಾಡಿಸಿತು.

1953ರಲ್ಲಿ ಮೊದಲು ದೊರೆತದ್ದು ಒಂದು ಎಳೆಯ ಮಗುವಿನ ಮೂಳೆಗಳು. 1957ರಲ್ಲಿ ಮೂವರು ವಯಸ್ಕರು, 1960ರಲ್ಲಿ ಮತ್ತೆ ಕೆಲವರು. ಎಲ್ಲ ಸೇರಿ ಹತ್ತು ಮಂದಿಯ ಅವಶೇಷಗಳು. ಇವರಲ್ಲಿ ಹತ್ತನೆಯದು ಒಂದು ಶಿಶು; ಅದರ ಮೂಳೆಗಳು ಪ್ರಾಣಿಗಳ ಮೂಳೆಗಳ ನಡುವೆ ಬಹುಕಾಲ ಅಡಗಿದ್ದು, ಈ ಶತಮಾನದಲ್ಲಷ್ಟೆ ಗುರುತಿಸಲ್ಪಟ್ಟವು. ವಿದ್ವಾಂಸರು ಇವರಿಗೆ ಅಂಕಿಗಳನ್ನೇ ಹೆಸರಾಗಿ ಇಟ್ಟಿದ್ದಾರೆ.

ಅವರಲ್ಲಿ ಒಂದನೆಯವನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈತ ಸಾಯುವಾಗ 35ರಿಂದ 50 ವರ್ಷದೊಳಗಿನವನು. ಆ ಕಾಲಕ್ಕೆ ವೃದ್ಧನೇ ಸರಿ. ಎಡಗಣ್ಣಿನ ಗೂಡು ಯಾವುದೋ ಬಲವಾದ ಹೊಡೆತದಿಂದ ಜಜ್ಜಿಹೋಗಿ ಆಕಾರ ಕೆಟ್ಟಿದೆ. ಆ ಕಣ್ಣಿಗೆ ದೃಷ್ಟಿ ಇದ್ದಿರಲಾರದು. ಬಲತೋಳಿನ ಮೂಳೆ ಕೃಶವಾಗಿ ಸೊರಗಿದೆ, ಮೊಣಕೈಯಿಂದ ಕೆಳಗಿನ ಭಾಗ ಇಲ್ಲವೇ ಇಲ್ಲ. ಬಲಪಾದದಲ್ಲಿ ಮುರಿದು ಕೂಡಿಕೊಂಡ ಮೂಳೆ, ಕುಂಟುತ್ತ ನಡೆಯುತ್ತಿದ್ದಿರಬೇಕು. ಎರಡೂ ಕಿವಿಯ ನಾಳಗಳಲ್ಲಿ ಮೂಳೆ ಬೆಳೆದು ದಾರಿ ಕಟ್ಟಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು; ಎಂದರೆ ಕಿವಿಯೂ ಮಂದ. ಮುಂದಿನ ಹಲ್ಲುಗಳು ವಿಪರೀತ ಸವೆದಿವೆ, ಇಲ್ಲದ ಕೈಯ ಕೆಲಸವನ್ನು ಬಾಯಿಂದ ಮಾಡಿಸಿಕೊಂಡವನಂತೆ. ಮುಖ್ಯ ಸಂಗತಿಯೆಂದರೆ ಈ ಗಾಯಗಳೆಲ್ಲ ಮಾಗಿದ ಗಾಯಗಳು. ಮುರಿದ ಮೂಳೆಯ ಅಂಚು ಜೀವವಿದ್ದಾಗ ಮಾತ್ರ ದುಂಡಗಾಗಿ ಕೂಡಿಕೊಳ್ಳುತ್ತದೆ. ಒಕ್ಕಣ್ಣನೂ ಒಕ್ಕೈಯವನೂ ಕುಂಟನೂ ಆದ ಈತ ಆ ಸ್ಥಿತಿಯಲ್ಲಿ ಎಷ್ಟೋ ವರ್ಷ ಬದುಕಿದ್ದನು.

ಬೇಟೆಯೇ ಜೀವನವಾಗಿದ್ದ ಕಾಲದಲ್ಲಿ ಅವನಿಗೆ ಅನ್ನವಿಕ್ಕಿದವರು ಯಾರು? ಅವನ ಬಳಗದವರು ಎಂಬುದು ಸೊಲೆಕಿಯ ಉತ್ತರ. ಅಂಗಹೀನವಾದ ಪ್ರಾಣಿಗಳು ಕೂಡ ಯಾರ ಆರೈಕೆಯೂ ಇಲ್ಲದೆ ಕೆಲವೊಮ್ಮೆ ಬದುಕುವುದುಂಟು. ಬದುಕಿದ ಮಾತ್ರಕ್ಕೆ ಕರುಣೆ ಸಿದ್ಧವಾಗದು ಎಂಬ ಆಕ್ಷೇಪವೂ ಇದೆ. ಆಕ್ಷೇಪ ನ್ಯಾಯವಾದುದೇ. ಆದರೂ ಒಂದು ಗಾಯವಾದರೆ ಆಕ್ಷೇಪಕ್ಕೆ ಹೆಚ್ಚು ಬಲವಿರುತ್ತಿತ್ತು. ಇಷ್ಟು ಗಾಯಗಳನ್ನು ಹೊತ್ತವನು ಸಿಂಹ, ತೋಳಗಳಿದ್ದ ಕಾಡಿನಲ್ಲಿ ಒಂಟಿಯಾಗಿ ಬಾಳಿದನೆಂದು ನಂಬುವುದು ನನಗಂತೂ ಕಷ್ಟ.

ಮೂರನೆಯವನ ಎಡಪಕ್ಕೆಯ ಒಂಬತ್ತನೆಯ ಎಲುಬಿನಲ್ಲಿ ಚೂಪಾದ ಆಯುಧ ನಾಟಿದ ಗುರುತಿದೆ. ಗಾಯ ಮಾಗತೊಡಗಿತ್ತು, ಪೂರ್ತಿ ಮಾಗಿರಲಿಲ್ಲ. ಕರುಣೆಯಿದ್ದ ಕಡೆ ಕಲಹವೂ ಇದ್ದಿತೆಂದು ತೋರುತ್ತದೆ.

ಇಲ್ಲಿಯವರೆಗೆ ಕಾಲದ ಮಾತನ್ನು ಎತ್ತದೆ ಬಂದಿದ್ದೇನೆ. ತರಗತಿಯಲ್ಲಿ ಇಂಥ ಕಥೆ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ಸಾವಿರ ವರ್ಷವೆಂದು ಹೇಳಲು ಅಲ್ಲಿ ಪಂಚಾಂಗ ಇಟ್ಟಿದ್ದವರು ಯಾರು? ಪಂಚಾಂಗ ಇಟ್ಟದ್ದು ಪರಮಾಣು. ವಾಯುಮಂಡಲದ ಮೇಲ್ಭಾಗದಲ್ಲಿ ವಿಶ್ವಕಿರಣಗಳ ದೆಸೆಯಿಂದ ನೈಟ್ರೋಜನ್ ಪರಮಾಣುಗಳಲ್ಲಿ ಕೆಲವು ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುಗಳಾಗಿ ಮಾರ್ಪಡುತ್ತವೆ. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಪ್ರಾಣಿಗೆ ಅವು ಸೇರುತ್ತವೆ. ಜೀವಿ ಸತ್ತೊಡನೆ ಹೊಸ ಆಮದು ನಿಂತು, ಇದ್ದದ್ದು ಕರಗುತ್ತ ಬರುತ್ತದೆ. 5,730 ವರ್ಷಗಳಲ್ಲಿ ಅರ್ಧ ಉಳಿಯುತ್ತದೆ, ಇನ್ನು ಅಷ್ಟೇ ವರ್ಷಗಳಲ್ಲಿ ಅದರ ಅರ್ಧ. ಅಮೆರಿಕದ ಲಿಬ್ಬಿ 1949ರಲ್ಲಿ ಈ ಗಡಿಯಾರವನ್ನು ಲೋಕಕ್ಕೆ ಕೊಟ್ಟನು. ಅದು ಆಗಷ್ಟೆ ಬಳಕೆಗೆ ಬರುತ್ತಿದ್ದಾಗ ಶಾನಿದಾರ್ ಅಗೆತವೂ ಆರಂಭವಾಯಿತು. ಡಿ ಸ್ತರದ ಮೇಲಣ ಭಾಗದ ಇದ್ದಿಲು 46,000ದಿಂದ 50,000 ವರ್ಷಗಳಷ್ಟು ಹಳೆಯದೆಂದು ಉತ್ತರ ಬಂದಿತು.

ಆದರೆ ಈ ಗಡಿಯಾರ ಅಲ್ಲಿಗೆ ಸುಸ್ತಾಗುತ್ತದೆ. ಹತ್ತು ಅರ್ಧಾಯುಗಳು ಕಳೆದರೆ, ಎಂದರೆ 57,300 ವರ್ಷಗಳಲ್ಲಿ, ಮೊದಲಿದ್ದುದರಲ್ಲಿ 1,024ರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಆಗ ಹೊಸ ಇಂಗಾಲದ ಕೊಳೆ ಎಳ್ಳಷ್ಟು ಸೇರಿದರೂ ಲೆಕ್ಕ ಬುಡಮೇಲು. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು: ಇಂಗಾಲ-14 ಸಂಪೂರ್ಣವಾಗಿ ಕರಗಿಹೋದ, ಲಕ್ಷಾಂತರ ವರ್ಷ ಹಳೆಯದಾದ ಇದ್ದಿಲಿಗೆ ನೂರಕ್ಕೆ ಒಂದು ಭಾಗ ಇಂದಿನ ಇಂಗಾಲ ಬೆರೆತರೆ, ಅದು ತನ್ನ ವಯಸ್ಸು ಕೇವಲ 38,000 ವರ್ಷವೆಂದು ಸುಳ್ಳು ಹೇಳುತ್ತದೆ.

ಇನ್ನೂ ಆಳದ ಕಾಲಕ್ಕೆ ಬೇರೊಂದು ಗಡಿಯಾರ ಬೇಕಾಯಿತು. ಅದು ಮರಳಿನ ಕಣದೊಳಗಿದೆ. ಮಣ್ಣಿನಲ್ಲಿ ಸಹಜವಾಗಿರುವ ಯುರೇನಿಯಮ್, ಥೋರಿಯಮ್, ಪೊಟ್ಯಾಸಿಯಮ್‌ಗಳ ವಿಕಿರಣ ಬಡಿದಂತೆಲ್ಲ ಬೆಣಚುಕಲ್ಲಿನ ಹರಳಿನಲ್ಲಿ ಎಲೆಕ್ಟ್ರಾನುಗಳು ತಮ್ಮ ನೆಲೆ ಬಿಟ್ಟು, ಹರಳಿನ ದೋಷಗಳೆಂಬ ಬೋನುಗಳಲ್ಲಿ ಸಿಕ್ಕಿಬೀಳುತ್ತವೆ. ಬಿಸಿಲು ತಗುಲಿದರೆ ಬೋನು ಬರಿದಾಗುತ್ತದೆ. ಕಣ ಮಣ್ಣಿನಡಿ ಹೂತು ಕತ್ತಲೆಯಾದ ಕ್ಷಣದಿಂದ ಮತ್ತೆ ತುಂಬತೊಡಗುತ್ತದೆ. ಅಂಥ ಕಣವನ್ನು ಬೆಳಕು ಸೋಕದಂತೆ ತೆಗೆದು, ಪ್ರಯೋಗಶಾಲೆಯ ಮಂದವಾದ ಕೆಂಬೆಳಕಿನಲ್ಲಿ ಸಿದ್ಧಪಡಿಸಿ, ಗೊತ್ತಾದ ಬಣ್ಣದ ಬೆಳಕನ್ನು ಅದರ ಮೇಲೆ ಬೀರಿದರೆ, ಸೆರೆಯಾದ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಕಣವು ಕ್ಷೀಣವಾಗಿ ಮಿನುಗುತ್ತದೆ. ಆ ಮಿನುಗನ್ನು ಅಳೆದರೆ ಕಣ ಉಂಡ ಒಟ್ಟು ವಿಕಿರಣ ತಿಳಿಯುತ್ತದೆ; ಅದನ್ನು ವರ್ಷಕ್ಕೆ ಉಣ್ಣುವ ವಿಕಿರಣದಿಂದ ಭಾಗಿಸಿದರೆ ಕತ್ತಲೆಯಲ್ಲಿ ಕಳೆದ ವರ್ಷಗಳು. ಈ ವಿಧಾನದಿಂದಲೇ ಈಗ ಶಾನಿದಾರಿನ ಆಳದ ದೇಹಗಳ ಕಾಲ 70,000 ವರ್ಷಗಳಿಗೂ ಹಿಂದಕ್ಕೆ ಸರಿದಿದೆ.

ಈಗ ಹೂವಿನ ವಿಷಯಕ್ಕೆ ಬರೋಣ. 1960ರ ಆಗಸ್ಟ್ ತಿಂಗಳಿನಲ್ಲಿ ನಾಲ್ಕನೆಯ ಅಸ್ಥಿಪಂಜರ ಕಾಣಿಸಿಕೊಂಡಿತು. ಎಡಮಗ್ಗುಲಾಗಿ, ಗರ್ಭದಲ್ಲಿನ ಶಿಶುವಿನಂತೆ ಮುದುಡಿ ಮಲಗಿದ್ದ ವಯಸ್ಕ. ಮೂಳೆಗಳು ಬಹಳ ಶಿಥಿಲವಾಗಿದ್ದುದರಿಂದ ಸುತ್ತಲಿನ ಮಣ್ಣಿನ ಸಮೇತ ದೊಡ್ಡ ಗಟ್ಟಿಯಾಗಿ ಕತ್ತರಿಸಿ, ಪ್ಲಾಸ್ಟರ್ ಬಳಿದು, ಹಲಗೆಗಳಲ್ಲಿ ಬಂಧಿಸಿ, ಒಂದು ಟ್ಯಾಕ್ಸಿಯ ಮೇಲೆ ಹೇರಿ ಬಾಗ್ದಾದಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ನೂರಾರು ಮೈಲಿಗಳ ಕುಲುಕಾಟ! ಮುಂದೆ ಆ ಗಟ್ಟಿಯನ್ನು ಬಿಚ್ಚಿದಾಗ ಅದರೊಳಗೆ ಒಬ್ಬನಲ್ಲ, ಇನ್ನೂ ಇಬ್ಬರು ಹೆಂಗಸರ ಮತ್ತು ಒಂದು ಮಗುವಿನ ಮೂಳೆಗಳೂ ಕಂಡುಬಂದವು. ಕುಲುಕಾಟದಲ್ಲಿ ಯಾವುದು ಎಲ್ಲಿದ್ದಿತೆಂಬುದು ಕಲಸಿಹೋಗಿತ್ತು. ಇಂದಿನ ಪುರಾತತ್ತ್ವಜ್ಞರು ಇದನ್ನು ಹೇಳುವಾಗ ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಆದರೆ ಆಗಿನ ಕಾಲದ ಅನುಕೂಲಗಳಿಗೆ ತಕ್ಕಂತೆ ಸೊಲೆಕಿ ಜಾಗರೂಕನಾಗಿಯೇ ಇದ್ದನು. ಅವನ ಜಾಗರೂಕತೆಗೆ ಸಾಕ್ಷಿಯಾಗಿ, ದೇಹದ ಬಳಿಯ ಮಣ್ಣಿನ ಮಾದರಿಗಳನ್ನೂ ತೆಗೆದಿಟ್ಟಿದ್ದನು.

ಆ ಮಣ್ಣು ಪ್ಯಾರಿಸ್ಸಿನಲ್ಲಿ ಆರ್ಲೆಟ್ ಲೆರ್ವಾ-ಗುರ್ಹಾನ್ ಎಂಬ ಪರಾಗವಿಜ್ಞಾನಿಯ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಹೂವಿನ ಪರಾಗದ ಹೊರಕವಚ ಬಲು ಗಟ್ಟಿ. ಎಷ್ಟೋ ಸಾವಿರ ವರ್ಷ ಕೆಡದೆ ಉಳಿಯುತ್ತದೆ. ಗುಹೆಯ ಬೇರೆಡೆಯ ಮಣ್ಣಿನಲ್ಲಿ ಬಿಡಿಬಿಡಿಯಾಗಿ ಕೆಲವೇ ಪರಾಗಕಣಗಳಿದ್ದರೆ, ನಾಲ್ಕನೆಯವನ ಬಳಿಯ ಎರಡು ಮಾದರಿಗಳಲ್ಲಿ ಅವು ಮುದ್ದೆಮುದ್ದೆಯಾಗಿದ್ದವು. ಸೇವಂತಿಗೆಯ ಕುಟುಂಬಕ್ಕೆ ಸೇರಿದ ಕೆಲವು ಗಿಡಗಳು, ದಾಸವಾಳದ ಬಂಧುವಾದ ಹಾಲಿಹಾಕ್, ದ್ರಾಕ್ಷಿಗೊಂಚಲಿನಂಥ ನೀಲಿ ಹೂ ಬಿಡುವ ಮಸ್ಕಾರಿ. ಇವುಗಳಲ್ಲಿ ಹೆಚ್ಚಿನವು ಕೀಟಗಳಿಂದ ಪರಾಗಸ್ಪರ್ಶ ಹೊಂದುವ ಹೂಗಳು. ಅವುಗಳ ಅಂಟುಪರಾಗ ಗಾಳಿಯಲ್ಲಿ ತೂರಿ ಗುಹೆಯ ಒಳಭಾಗಕ್ಕೆ ಬರಲಾರದು. ಹಾಗಾದರೆ ಹೂವುಗಳನ್ನೇ ಯಾರೋ ತಂದಿರಬೇಕು. ಬೇಸಗೆಯ ಮೊದಲಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಹೂ ಕೊಯ್ದು ತಂದು, ಸತ್ತವನನ್ನು ಅವುಗಳ ಮೇಲೆ ಮಲಗಿಸಿದರು. ಬೂಲ್‌ನ ಅರ್ಧಪಶು ಎಲ್ಲಿ, ಈ ಪುಷ್ಪಶಯ್ಯೆ ಎಲ್ಲಿ! 1971ರಲ್ಲಿ ಸೊಲೆಕಿ ಬರೆದ ಪುಸ್ತಕದ ಹೆಸರಿನಲ್ಲಿಯೇ ನಿಯಾಂಡರ್ತಾಲರು ಮೊದಲ ‘ಹೂವಿನ ಜನ’ ಆದರು. ಅಮೆರಿಕದ ತರುಣರು ಹೂ ಮುಡಿದು ಬೀದಿಗಿಳಿದು ಶಾಂತಿಯನ್ನು ಸಾರುತ್ತಿದ್ದ ದಿನಗಳವು. ಹೆಸರು ಜನರ ಬಾಯಲ್ಲಿ ನಿಂತುಬಿಟ್ಟಿತು.

ಕಥೆ ಸುಂದರವಾಗಿದೆ. ಸುಂದರವಾದ ಕಥೆಗೆ ಎರಡು ಪಟ್ಟು ಸಾಕ್ಷಿ ಕೇಳಬೇಕಾದುದು ವಿಜ್ಞಾನಿಯ ಕರ್ತವ್ಯ. ದೇಹಗಳ ಸುತ್ತ ಇಲಿಯ ಬಿಲಗಳಿದ್ದುವೆಂದು ಸೊಲೆಕಿಯೇ ಬರೆದಿಟ್ಟಿದ್ದನು. ಆ ಸೀಮೆಯ ಪಾರಸೀಕ ಜರ್ಡ್ ಎಂಬ ಇಲಿ ಬಿಲದೊಳಗೆ ಬೀಜಗಳನ್ನೂ ಹೂಗಳನ್ನೂ ಕೂಡಿಡುವ ಅಭ್ಯಾಸವುಳ್ಳದ್ದು. ಹೂ ತಂದದ್ದು ಮನುಷ್ಯನಲ್ಲ, ಇಲಿ, ಎಂದು 1999ರಲ್ಲಿ ಒಂದು ವಾದ ಹುಟ್ಟಿತು. 2023ರಲ್ಲಿ ಕ್ರಿಸ್ ಹಂಟ್ ಮತ್ತು ಸಂಗಡಿಗರು ಇನ್ನೊಂದು ಕಡೆಯಿಂದ ಬಂದರು. ಹೂವನ್ನೇ ಇಟ್ಟಿದ್ದರೆ ಒಂದು ಮುದ್ದೆಯಲ್ಲಿ ಒಂದೇ ಜಾತಿಯ ಪರಾಗ ಇರಬೇಕಾಗಿತ್ತು. ಇಲ್ಲಿಯ ಮುದ್ದೆಗಳಲ್ಲಿ ಹಲವು ಜಾತಿಗಳು ಬೆರೆತಿವೆ. ಅವುಗಳಲ್ಲಿ ಎಲ್ಲವೂ ಒಂದೇ ಕಾಲಕ್ಕೆ ಅರಳುವವೂ ಅಲ್ಲ. ಹಲವು ಹೂಗಳಿಂದ ಪರಾಗ ಕಲೆಹಾಕಿ ಮುದ್ದೆ ಕಟ್ಟುವ ಜೀವಿ ಯಾವುದೆಂದು ಹಳ್ಳಿಯ ಹುಡುಗರನ್ನು ಕೇಳಿದರೂ ಹೇಳಿಯಾರು. ಗುಂಪಾಗಿ ಹುಟ್ಟುಕಟ್ಟದೆ, ಒಂಟಿಯಾಗಿ ನೆಲದಲ್ಲಿ ಬಿಲ ಕೊರೆದು ಮರಿಗಳಿಗೆ ಪರಾಗ ತುಂಬಿಡುವ ಜೇನುನೊಣಗಳುಂಟು. ಅಂಥವುಗಳ ಬಿಲಗಳು ಶಾನಿದಾರ್ ಗುಹೆಯ ಮಣ್ಣಿನಲ್ಲಿಯೇ ಕಾಣಸಿಕ್ಕಿವೆ.

ಹೂವಿನ ಹಾಸಿಗೆ ಹೀಗೆ ಕೈಬಿಟ್ಟುಹೋಯಿತು. ನನಗೆ ಇದರಿಂದ ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಎಷ್ಟೋ ವರ್ಷ ಆ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳಿದ್ದವನು ನಾನು. ಆದರೆ ಹೂವು ಹೋದ ಮಾತ್ರಕ್ಕೆ ಸಮಾಧಿಯೂ ಹೋಗಬೇಕಾಗಿಲ್ಲ. ಅದನ್ನು ತೀರ್ಮಾನಿಸಲು ಒಂದೇ ದಾರಿ: ಮತ್ತೆ ಅಗೆಯುವುದು.

ಆ ಪ್ರದೇಶದ ರಾಜಕೀಯ ಕ್ಷೋಭೆಗಳ ದೆಸೆಯಿಂದ ದಶಕಗಳ ಕಾಲ ಅದು ಸಾಧ್ಯವಾಗಿರಲಿಲ್ಲ. ಕೊನೆಗೆ ಕುರ್ದಿಸ್ತಾನದ ಪ್ರಾಂತೀಯ ಸರ್ಕಾರದ ಆಹ್ವಾನದ ಮೇರೆಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರೇಮ್ ಬಾರ್ಕರ್ ತಂಡ 2014ರಲ್ಲಿ ಕೆಲಸ ಆರಂಭಿಸಿತು. ಐಸಿಸ್ ಉಗ್ರರು ಸಮೀಪಿಸಿದ್ದರಿಂದ ಕೆಲವೇ ದಿನಗಳಲ್ಲಿ ಹಿಂದೆಗೆಯಬೇಕಾಯಿತು. 2015ರಲ್ಲಿ ಮತ್ತೆ ಬಂದರು. ಹೊಸ ದೇಹಗಳನ್ನು ಹುಡುಕುವುದು ಅವರ ಉದ್ದೇಶವಾಗಿರಲಿಲ್ಲ. ಸೊಲೆಕಿಯ ಹಳೆಯ ಕಂದಕದ ಗೋಡೆಯನ್ನು ತೆರೆದು, ಸ್ತರಗಳ ಕಾಲವನ್ನು ಹೊಸ ವಿಧಾನಗಳಿಂದ ಅಳೆಯುವುದಷ್ಟೇ ಆಶಯ. ಆದರೆ 2018ರಲ್ಲಿ, ನಾಲ್ಕನೆಯವನು ಮಲಗಿದ್ದ ಜಾಗದ ಪಕ್ಕದಲ್ಲಿಯೇ, ಗೋಡೆಯಲ್ಲಿ ಒಂದು ಪಕ್ಕೆಲುಬು ಇಣುಕಿತು; ಬಳಿಕ ಹುಬ್ಬಿನ ದಿಂಡು, ದವಡೆ. ತಲೆಬುರುಡೆ ಕಲ್ಲುಮಣ್ಣುಗಳ ಭಾರದಡಿ ಅಪ್ಪಚ್ಚಿಯಾಗಿ ಎರಡು ಸೆಂಟಿಮೀಟರ್ ದಪ್ಪದ ಹಪ್ಪಳವಾಗಿತ್ತು. ಅದರ ಮೇಲೆ ಏಳು ಮೀಟರಿಗೂ ಮಿಕ್ಕ ಮಣ್ಣು ಕುಳಿತಿತ್ತು.

ಟ್ಯಾಕ್ಸಿಯ ಕಾಲಕ್ಕೂ ಇಂದಿಗೂ ಇರುವ ಅಂತರವನ್ನು ಇಲ್ಲಿ ನೋಡಬೇಕು. ನೀರುಂಡು ಮೆತ್ತಗಾಗಿದ್ದ ಮೂಳೆಗಳಿಗೆ ಅಂಟುದ್ರವವನ್ನು ತೊಟ್ಟುತೊಟ್ಟಾಗಿ ಕುಡಿಸಿ ಗಟ್ಟಿಮಾಡಿ, ಮಣ್ಣಿನೊಡನೆಯೇ ಸಣ್ಣ ಸಣ್ಣ ತುಂಡುಗಳಾಗಿ ತೆಗೆದು, ತಗಡಿನ ಹಾಳೆಯಲ್ಲಿ ಸುತ್ತಿ, ಇಂಗ್ಲೆಂಡಿಗೆ ಕೊಂಡೊಯ್ದರು. ಅಲ್ಲಿ ಮಣ್ಣನ್ನು ಕೆದಕುವ ಮೊದಲೇ ಕ್ಷಕಿರಣಗಳಿಂದ ಪ್ರತಿ ತುಂಡಿನ ಒಳಚಿತ್ರವನ್ನು ತೆಗೆದು, ಯಾವ ಚೂರು ಎಲ್ಲಿದೆಯೆಂದು ಗೊತ್ತುಮಾಡಿಕೊಂಡರು. ತಲೆಬುರುಡೆಯೊಂದರಲ್ಲಿಯೇ 200ಕ್ಕೂ ಹೆಚ್ಚು ಚೂರುಗಳು. ಅವುಗಳನ್ನು ಕೈಯಿಂದಲೇ ಒಂದೊಂದಾಗಿ ಜೋಡಿಸಲಾಯಿತು. ಹಲ್ಲಿನ ಕವಚದಲ್ಲಿ ಉಳಿದಿದ್ದ ಪ್ರೋಟೀನುಗಳ ಪರೀಕ್ಷೆಯಿಂದ ಇದು ಹೆಂಗಸಿನದಾಗಿರಬೇಕೆಂದು ತಿಳಿಯಿತು. ವಯಸ್ಸು ನಲವತ್ತರ ನಡುಭಾಗ. ಕಾಲ ಸುಮಾರು 75,000 ವರ್ಷಗಳ ಹಿಂದೆ. ಆಕೆಗೆ ಅಂಕಿಯ ಬದಲು ‘ಜೆಡ್’ ಎಂಬ ಅಕ್ಷರವನ್ನು ಹೆಸರಾಗಿ ಕೊಟ್ಟಿದ್ದಾರೆ. 2024ರಲ್ಲಿ ಆಕೆಯ ಮುಖದ ಪ್ರತಿಕೃತಿ ಜಗತ್ತಿಗೆ ಕಾಣಿಸಿತು. ಸಂತೆಯಲ್ಲಿ ಎದುರಾದರೆ ಒಮ್ಮೆ ತಿರುಗಿ ನೋಡಿಯೇವು, ಹೆದರಿ ಓಡಲಾರೆವು.

ಆಕೆಯ ಅಡಿಗೆಯೂ ಸ್ವಲ್ಪ ತಿಳಿದಿದೆ. 2022ರಲ್ಲಿ ಪ್ರಕಟವಾದ ಅಧ್ಯಯನದಂತೆ, ಗುಹೆಯ ಒಲೆಗಳಲ್ಲಿ ಸುಟ್ಟು ಕರಿಕಾದ ಆಹಾರದ ಚೂರುಗಳಲ್ಲಿ ಕಾಡುಕಾಳುಗಳ ಅಂಶವಿದ್ದಿತು. ಅವನ್ನು ನೆನೆಸಿ, ಕುಟ್ಟಿ ಬೇಯಿಸಿದ ಕುರುಹುಗಳೂ ಕಂಡವು. ಕಾಡುಕಾಳಿನ ಕಹಿಯನ್ನು ಇಳಿಸಲು ನೆನೆಹಾಕುವ ಉಪಾಯ ನಮ್ಮ ಅಜ್ಜಿಯರಿಗೂ ಗೊತ್ತು. 2011ರಲ್ಲಿಯೇ ಮೂರನೆಯವನ ಹಲ್ಲಿನ ಗಾರೆಯಲ್ಲಿ ಬೇಯಿಸಿದ ಧಾನ್ಯದ ಪಿಷ್ಟಕಣಗಳು ದೊರೆತಿದ್ದವು. ಅವರು ಬರೀ ಮಾಂಸವನ್ನು ಹರಿದು ತಿನ್ನುವವರೆಂಬ ಮಾತು ಇಲ್ಲಿಗೆ ಮುಗಿಯಿತು. ಅವರ ವಂಶವೂ ಪೂರ್ತಿಯಾಗಿ ಮುಗಿದಿಲ್ಲ. 2010ರಿಂದೀಚಿನ ಆನುವಂಶಿಕ ಅಧ್ಯಯನಗಳ ಪ್ರಕಾರ ಆಫ್ರಿಕದ ಹೊರಗಿನ ಜನರೆಲ್ಲರ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ನಿಯಾಂಡರ್ತಾಲರದು. ಇದನ್ನು ಬರೆಯುತ್ತಿರುವ ನನ್ನದರಲ್ಲಿಯೂ, ಓದುತ್ತಿರುವ ನಿಮ್ಮದರಲ್ಲಿಯೂ.

ಇನ್ನು ಸಮಾಧಿಯ ಪ್ರಶ್ನೆ. ಆಕೆ ಒಂದು ತಗ್ಗಿನಲ್ಲಿ ಒರಗಿ ಮಲಗಿದ್ದಳು. ಎಡಗೈ ತಲೆಯ ಕೆಳಗೆ ಮಡಿಸಿತ್ತು. ತಗ್ಗು ಮೊದಲು ನೀರಿನಿಂದ ಕೊರೆದದ್ದಾದರೂ ಅದನ್ನು ಇನ್ನಷ್ಟು ತೋಡಿದ ಗುರುತುಗಳಿವೆ ಎಂದು ಅಗೆದವರು ಹೇಳುತ್ತಾರೆ. ತಲೆಯ ಹಿಂದೆ ಒಂದು ಕಲ್ಲು. ಸುತ್ತಮುತ್ತ, ನಾಲ್ಕಾರು ಅಡಿಗಳೊಳಗೆ, ಬೇರೆ ಬೇರೆ ಸಮಯಗಳಲ್ಲಿ ಇಟ್ಟಂತೆ ಕಾಣುವ ಇನ್ನೂ ಹಲವರ ಮೂಳೆಗಳು. ಒಂದೇ ಜಾಗಕ್ಕೆ ತಮ್ಮವರನ್ನು ಮತ್ತೆ ಮತ್ತೆ ತಂದವರು ಆ ಕಲ್ಲನ್ನು ಗುರುತಾಗಿ ಇಟ್ಟಿದ್ದರೆ? ಅಥವಾ ಅದೂ ಚಾವಣಿಯಿಂದ ಉದುರಿದ ನೂರಾರು ಕಲ್ಲುಗಳಲ್ಲಿ ಒಂದೆ? ಪರಾಗದಿಂದ ಒಮ್ಮೆ ಕೈಸುಟ್ಟುಕೊಂಡ ವಿದ್ವಾಂಸರು ಈ ಸಲ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಾರೆ. ಅಗೆತ ಆರಂಭಿಸಿದ ಸೊಲೆಕಿ ಈ ದೇಹ ದೊರೆತ ಮರುವರ್ಷ, 2019ರಲ್ಲಿ, ತನ್ನ 101ನೆಯ ವಯಸ್ಸಿನಲ್ಲಿ ತೀರಿಕೊಂಡನು.

ದೊರೆತದ್ದು ಆಕೆಯ ಸೊಂಟದಿಂದ ಮೇಲಿನ ಭಾಗ ಮಾತ್ರ. ಕೆಳಗಿನ ಭಾಗ ಎಲ್ಲಿ ಎಂದು ಹುಡುಕಿದಾಗ ಜಾಡು ಸೊಲೆಕಿ ಕತ್ತರಿಸಿ ತೆಗೆದ ಗಟ್ಟಿಯತ್ತಲೇ ಹೋಯಿತು. ಆಗ ನಾಲ್ಕನೆಯವನೊಡನೆ ಕಲಸಿಹೋಗಿ ದೊರೆತ ಹೆಂಗಸರಲ್ಲಿ ಒಬ್ಬಳು ಈಕೆಯೇ ಇರಬೇಕೆಂದು ತಂಡದವರು ಭಾವಿಸುತ್ತಾರೆ. ಅವರ ಎಣಿಕೆ ಸರಿಯಾದರೆ, ಆಕೆಯ ಅರ್ಧದೇಹ 1960ರಲ್ಲಿಯೇ ಟ್ಯಾಕ್ಸಿಯ ಮೇಲೆ ಬಾಗ್ದಾದಿಗೆ ಹೋಗಿತ್ತು; ಉಳಿದರ್ಧ ಕಂದಕದ ಗೋಡೆಯೊಳಗೆ ಇನ್ನೂ 58 ವರ್ಷ ಹಾಗೆಯೇ ಮಲಗಿತ್ತು.